ನನ್ನ ಗೇರಿಗೆ ಏನೂ ಆಗಿರಲಿಲ್ಲ

ಮಣ್ಣು ಕೊಡಲು ಬಂದವರು, ತೀರಿದವರ ಹೆಸರಿನ ಶಿವಗಣಾರಾಧನೆಗೆಂದು ಉಳಿದವರು, ಎಲ್ಲರೂ ಹೋದ ಮೇಲೆ ಬಂದ ಮೊದಲ ಬೆಳಗು ಅದು. ಮನೆಯಲ್ಲಿ ಎಂದಿನ ಕೆಲಸ ಶುರುವಾಗಿತ್ತು. ಓಣಿಯ ಕೊನೆಯಲ್ಲಿ ಹಿಟ್ಟಿನ ಗಿರಣಿ ಕೂಗುತ್ತಿತ್ತು. ಎಮ್ಮೆ ಹಿಂಡುವ ಹೊತ್ತಾಗಿತ್ತು. ಶಾಲ್ಮಲಾ ಕಸಬರಿಗೆ ಹಿಡಿದು ಅಂಗಳಕ್ಕೆ ಬಂದಳು. ನನ್ನ ಮುಂದಿನ ಗಾಲಿಗಳ ಸುತ್ತ ಗುಡಿಸಿದಳು. ಹಿಂದಿನ ಗಾಲಿಗಳ ಸುತ್ತ ಗುಡಿಸಿದಳು. ಎಡಗಡೆ, ನನ್ನನ್ನು ಏರುವ ಮೆಟ್ಟಿಲ ಹತ್ತಿರ ಬಂದಾಗ ಕಸಬರಿಗೆ ನಿಂತಿತು. ಗುರುಶಾಂತ ಅಲ್ಲಿ ಚಪ್ಪಲಿ ಬಿಟ್ಟು ನನ್ನ ಮೇಲೆ ಹತ್ತುತ್ತಿದ್ದ. ಅಷ್ಟು ಜಾಗ ಬಿಟ್ಟು ಅವಳು ಮುಂದೆ ಗುಡಿಸಿದಳು.

ಅವನು ಅವಳ ಗಂಡ, ಮಣ್ಣು ಕೊಟ್ಟದ್ದು ಅವನಿಗೇ. ನನ್ನ ಮೂರನೆಯ ಒಡೆಯ. ನಾನು ಅವರ ಹಳೆಯ ಟ್ರಾಕ್ಟರ್.

ಅಂದು ಬೆಳಿಗ್ಗೆ ನನ್ನ ಮೇಲೆ ಒಂದು ಸುಳ್ಳು ಹೊರಿಸಿದರು. ಹೊರಿಸಿದ್ದಷ್ಟೇ ಅಲ್ಲ, ಅದನ್ನೇ ನೆಪ ಮಾಡಿಕೊಂಡು ನನ್ನನ್ನು ಬಿಚ್ಚಿ ಹಂಚಲು ಹೊರಟರು. ಯಂತ್ರಕ್ಕೆ ಸಿಟ್ಟು ಬರುವುದಿಲ್ಲ ಎಂದು ಯಾರು ಹೇಳಿದರೋ ಗೊತ್ತಿಲ್ಲ. ಹೇಳಿದವರು ನನ್ನ ಸೈಲೆನ್ಸರಿನ ಹತ್ತಿರ ಬಂದು ನಿಲ್ಲಲಿ.

ನಾನು ಹುಟ್ಟಿದ್ದು ದೂರದ ಒಂದು ಕಾರ್ಖಾನೆಯಲ್ಲಿ. ಅಲ್ಲಿ ಮೊದಲು ಎಂಜಿನ್ ಬೇರೆ ಇತ್ತು, ಗೇರಿನ ಪೆಟ್ಟಿಗೆ ಬೇರೆ ಇತ್ತು. ಎರಡರ ನಡುವೆ ಊಟದ ತಟ್ಟೆಯಷ್ಟಗಲದ ಒಂದು ತಟ್ಟೆ ಇಟ್ಟು ಕೂಡಿಸಿದರು. ಅದೇ ಕ್ಲಚ್ ಪ್ಲೇಟು. ಎಂಜಿನ್ ಒಂದೇ ಸಮನೆ ತಿರುಗುತ್ತಿರುತ್ತದೆ. ಗೇರುಗಳು ಹಲ್ಲಿಗೆ ಹಲ್ಲು ಕೂಡಿಸಿ ನಡೆಯುತ್ತವೆ. ಪೆಡಲ್ ಮೇಲಿನ ಕಾಲು ತೆಗೆದರೆ ತಟ್ಟೆ ಎಂಜಿನ್ನನ್ನು ಹಿಡಿಯಬೇಕು. ಪೆಡಲ್ ಒತ್ತಿದರೆ ಬಿಡಬೇಕು. ಬಿಟ್ಟಾಗ ಮಾತ್ರ ಗೇರು ಬದಲಾಗುತ್ತದೆ. ಹಿಡಿಯುವುದು, ಬಿಡುವುದು. ಇಷ್ಟೇ ಅದರ ಬಾಳು. ಇಷ್ಟನ್ನು ತಿಳಿದುಕೊಂಡು ನನ್ನ ಮೇಲೆ ಕುಳಿತವರು ಬಹಳ ಮಂದಿ ಇಲ್ಲ.

ಮೊದಲು ನನ್ನನ್ನು ಕೊಂಡವನು ಹತ್ತಿ ವ್ಯಾಪಾರಿ. ಅವನ ಡ್ರೈವರನಿಗೆ ಎಡಗಾಲು ಇಡಲು ಬೇರೆ ಜಾಗವೇ ಇರಲಿಲ್ಲವೇನೋ, ದಿನವಿಡೀ ಅದು ಕ್ಲಚ್ ಪೆಡಲ್ ಮೇಲೆಯೇ ಮಲಗಿರುತ್ತಿತ್ತು. ಪೂರ್ತಿ ಒತ್ತುತ್ತಿರಲಿಲ್ಲ, ಪೂರ್ತಿ ಬಿಡುತ್ತಲೂ ಇರಲಿಲ್ಲ. ಹಿಡಿಯಲೋ ಬಿಡಲೋ ತಿಳಿಯದೆ ನನ್ನ ತಟ್ಟೆ ಉಜ್ಜಿ ಉಜ್ಜಿ ಸುಟ್ಟುಹೋಯಿತು. ಆಮೇಲೆ ಹತ್ತಿಯ ಅಂಡಿಗೆ ಹೇರಿಕೊಂಡು ದಿಬ್ಬ ಹತ್ತುವಾಗ ಎಂಜಿನ್ ಅರಚುತ್ತಿತ್ತು, ಗಾಲಿ ಮಾತ್ರ ಮುಂದೆ ಹೋಗುತ್ತಿರಲಿಲ್ಲ. ಡ್ರೈವರ್ ಕೆಳಗಿಳಿದು ಗಾಲಿಗೆ ಒದ್ದ. "ಇದಕ್ಕ ದಮ್ಮ ಇಲ್ರೀ ಸಾವ್ಕಾರ್ರ," ಎಂದ. ದಮ್ಮು ಇತ್ತು. ಅವನ ಕಾಲಿನಡಿ ಸಿಕ್ಕಿತ್ತು. ವ್ಯಾಪಾರಿ ಹೊಸ ತಟ್ಟೆ ಹಾಕಿಸಿ, ಬಣ್ಣ ಬಳಿಸಿ, ನನ್ನನ್ನು ಮಾರಿಬಿಟ್ಟ.

ಕೊಂಡವನು ಫಕ್ಕೀರಗೌಡ, ಈ ಊರಿನವನೇ. ಹೊಟ್ಟೆ ತುಂಬ ಎಣ್ಣೆ ಹಾಕುವ ಮನುಷ್ಯ, ಆ ವಿಷಯದಲ್ಲಿ ತಪ್ಪು ಹೇಳಲಾರೆ. ಆದರೆ ಅವನು ಗೇರು ಹಾಕುತ್ತಿದ್ದುದು ಗೂಟ ಬಡಿದ ಹಾಗೆ. ಒಳಗೆ ಗೇರನ್ನು ಅದರ ಮನೆಯಲ್ಲಿ ಹಿಡಿದು ನಿಲ್ಲಿಸುವ ಒಂದು ಚಿಕ್ಕ ಸ್ಪ್ರಿಂಗು ಇದೆ. ಅದು ಸೋತಿತು. ರಂಟೆ ಕಟ್ಟಿ ಹೊಲ ಉಳುವಾಗ ಎರಡನೆಯ ಗೇರು ತಾನಾಗಿಯೇ ಹಾರಿ ಹೊರಗೆ ಬರತೊಡಗಿತು. ಫಕ್ಕೀರಗೌಡ ಏನು ಮಾಡಿದ? ಸೈಕಲ್ ಟ್ಯೂಬನ್ನು ಸೀಳಿ, ನನ್ನ ಗೇರಿನ ಕಡ್ಡಿಯನ್ನು ಸೀಟಿಗೆ ಬಿಗಿದು ಕಟ್ಟಿದ. ತುಂಟ ಕರುವಿಗೆ ಕಟ್ಟುವ ಹಾಗೆ! ಬೆರಳಿನ ಉಗುರಿನಷ್ಟು ಸ್ಪ್ರಿಂಗಿಗಾಗಿ ಆರು ಸುಗ್ಗಿ ಕೊರಳಿಗೆ ರಬ್ಬರು ಕಟ್ಟಿಸಿಕೊಂಡು ದುಡಿದೆ. ಸಂತೆಗೆ ಹೋದಾಗ ಬೇರೆ ಟ್ರಾಕ್ಟರುಗಳ ಪಕ್ಕದಲ್ಲಿ ನಿಲ್ಲಲು ನಾಚಿಕೆಯಾಗುತ್ತಿತ್ತು.

ಗುರುಶಾಂತ ನನ್ನನ್ನು ಕೊಂಡ ದಿನ ಮೊದಲು ಬಿಚ್ಚಿದ್ದೇ ಆ ರಬ್ಬರನ್ನು. ಸ್ಪ್ರಿಂಗ್ ಹಾಕಿದ. ಕೆಳಗೆ ಮಲಗಿ ಪೆಡಲಿನ ಸಲಾಕೆ ತಿರುಗಿಸಿ, ಮೇಲೆದ್ದು, ಪೆಡಲಿನ ಕೆಳಗೆ ಎರಡು ಬೆರಳು ಇಟ್ಟು ನೋಡಿದ. ಆಗ ಶಾಲ್ಮಲಾ ಮದುವೆಯಾಗಿ ಬಂದ ಹೊಸತು. ಧಾರವಾಡದಲ್ಲಿ ಎಂ.ಎಸ್ಸಿ. ಓದಿದವಳು. ಮೆಟ್ಟಿಲ ಮೇಲೆ ನಿಂತು ಕೇಳಿದಳು, "ಬೆರಳಿಟ್ಟು ಏನ್ ನೋಡಾಕತ್ತೀರಿ?"

"ಆಟ."

"ಏನ್ ಆಟ?"

"ಪೆಡಲಿಗೆ ಒಂದೀಟು ಸಡಲ ಆಟ ಇರಬೇಕು. ಬಿಗದ ಹಿಡದ್ರ ಸುಡತೈತಿ, ಬಾಳ ಸಡಲ ಬಿಟ್ರ ಗೇರ ಬೀಳೂದಿಲ್ಲ. ಗಂಡ ಹೆಂಡತಿ ಇದ್ದಂಗ."

"ಹಂಗಾದ್ರ ಎಡಗಾಲು ಸುಮ್ಮಸುಮ್ಮನ ಇಡಬ್ಯಾಡ್ರಿ."

ಅವನು ನಕ್ಕ ನಗು ನನ್ನ ತಗಡಿಗೆಲ್ಲ ಕೇಳಿಸಿತು. ಆಮೇಲೆ ಖಾಲಿ ಹೊಲದಲ್ಲಿ ಅವಳಿಗೆ ನನ್ನನ್ನು ಓಡಿಸಲು ಕಲಿಸಿದ. ಅವಳ ಕೈಬಳೆ ಗೇರಿನ ಕಡ್ಡಿಗೆ ತಾಗಿ ಕಿಣಿಕಿಣಿ ಅನ್ನುತ್ತಿತ್ತು. ಓಣಿಯ ಮಂದಿ ಗೋಡೆಯ ಮೇಲೆ ಹತ್ತಿ ನೋಡಿದರು. ನನಗೇನೂ ಕೆಡುಕಾಗಲಿಲ್ಲ. ಅವಳ ಕಾಲು ಹಗುರ.

ಈಗ ಹಳ್ಳದ ಮಾತು ಹೇಳಬೇಕು. ಹೇಳದೆ ಬಿಡಲಾರೆ.

ಗುರುಶಾಂತನ ಅಣ್ಣ ಅಂದಾನಪ್ಪ ಬೇರೆ ಮನೆಯಲ್ಲಿದ್ದಾನೆ. ಅವನ ಬಳಿ ಹೊಸ ಟ್ರಾಕ್ಟರ್ ಇದೆ. ಈರುಳ್ಳಿ ಹೇರಿಕೊಂಡು ಬೆಣ್ಣೆಹಳ್ಳ ದಾಟುವಾಗ ಆ ಹೊಸ ಟ್ರಾಕ್ಟರು ಟ್ರೇಲರ್ ಸಮೇತ ಕೆಸರಿನಲ್ಲಿ ಹೂತಿತು. ಮೇಲಿನಿಂದ ನೀರು ಏರುತ್ತಿತ್ತು. ಅಂದಾನಪ್ಪ ಫೋನ್ ಮಾಡಿದ. ಗುರುಶಾಂತ ಫಕ್ಕೀರಗೌಡನ ಮನೆಗೆ ಓಡಿಹೋಗಿ, ಎಳೆಯುವ ಸರಪಳಿ ಇಸಿದುಕೊಂಡು, ನನ್ನನ್ನು ಹಳ್ಳಕ್ಕೆ ಇಳಿಸಿದ. ನಾನು ಎಳೆದೆ. ಅಂದಾನಪ್ಪನ ಹೊಸ ಟ್ರಾಕ್ಟರನ್ನೂ ಅವನ ಈರುಳ್ಳಿಯನ್ನೂ ಅವನನ್ನೂ ದಂಡೆಗೆ ಎಳೆದು ಹಾಕಿದೆ. ನನ್ನ ಹೊಟ್ಟೆಯೊಳಗೆ, ತಟ್ಟೆ ಇರುವ ಜಾಗಕ್ಕೇ, ಹಳ್ಳದ ನೀರು ಹೊಕ್ಕಿತು.

ಗುರುಶಾಂತನಿಗೆ ಅದು ಗೊತ್ತಿತ್ತು. ಒದ್ದೆಯಾದ ತಟ್ಟೆಯನ್ನು ಹಾಗೇ ಬಿಟ್ಟರೆ ಅದು ಎಂಜಿನ್ನಿನ ಚಕ್ರಕ್ಕೆ ತುಕ್ಕು ಹಿಡಿದು ಅಂಟಿಕೊಳ್ಳುತ್ತದೆ. ಆಮೇಲೆ ಪೆಡಲ್ ಎಷ್ಟು ಒತ್ತಿದರೂ ಬಿಡುವುದಿಲ್ಲ. ಅದಕ್ಕೇ ನನ್ನನ್ನು ತಗಡಿನ ಛಾವಣಿಯ ಕೆಳಗೆ ನಿಲ್ಲಿಸಿ, ಕ್ಲಚ್ ಪೆಡಲನ್ನು ಪೂರ್ತಿ ಒತ್ತಿ, ಪೆಡಲಿಗೂ ಸೀಟಿನ ಅಂಚಿಗೂ ನಡುವೆ ಒಂದು ಗಿಡ್ಡ ಜಾಲಿ ಕಟ್ಟಿಗೆಯನ್ನು ಆನಿಸಿಟ್ಟ. ತಟ್ಟೆ ಬೇರೆಯಾಗಿ, ಗಾಳಿಯಾಡಿ ಒಣಗಲಿ ಎಂದು. ಎಂದೂ ಮರೆಯುತ್ತಿರಲಿಲ್ಲ. ಆ ಕಟ್ಟಿಗೆ ಅವನ ಕೈ ತಾಗಿ ತಾಗಿ ನುಣುಪಾಗಿತ್ತು.

ಆ ವಾರ ಅವನಿಗೆ ಜ್ವರ ಬಂತು. ಹುಬ್ಬಳ್ಳಿಗೆ ಕಾರಿನಲ್ಲಿ ಕೂತು ಹೋದ, ಮಲಗಿ ಬಂದ. ಆಸ್ಪತ್ರೆಯವರು ಡೆಂಗಿ ಎಂದರು. ಓಣಿಯವರು ಟ್ರಾಕ್ಟರ್ ಎಂದರು. "ಆ ಹಾಳ ಗಾಡಿ ಹಳ್ಳಕ್ಕ ಇಳಿಸಿದ್ದಕ್ಕ ಜ್ವರ ಹತ್ತಿತು," ಎಂದು ನನ್ನೆದುರಿಗೇ ಆಡಿಕೊಂಡರು. ಯಾರ ಟ್ರೇಲರಿಗಾಗಿ ಇಳಿದದ್ದು ಎಂಬುದು ಎಲ್ಲರಿಗೂ ಗೊತ್ತಿತ್ತು. ಅದನ್ನು ಯಾರೂ ಆಡಲಿಲ್ಲ.

ಮಣ್ಣಿಗೆ ಬಂದವರ ಊಟದ ಪಂಕ್ತಿಗೆ ಛಾವಣಿಯ ಜಾಗ ಬೇಕಾಯಿತು. ಯಾವನೋ ನೆಂಟ ನನ್ನ ಸೀಟಿನ ಮೇಲೆ ಕುಳಿತ, ಕಾಲಿಗೆ ಅಡ್ಡವೆಂದು ಜಾಲಿ ಕಟ್ಟಿಗೆಯನ್ನು ಕಿತ್ತು ಕೆಳಗೆ ಒಗೆದ. ಉಳಿದವರು ನನ್ನನ್ನು ಮಳೆಗೆ ನೂಕಿದರು. ಪೆಡಲ್ ಮೇಲೆ ಬಂತು. ತಟ್ಟೆ ಒದ್ದೆ ಚಕ್ರವನ್ನು ಅಪ್ಪಿಕೊಂಡಿತು. ನೆಂಟರು ಇದ್ದಷ್ಟು ದಿನ ಮಳೆ ಇತ್ತು. ನೆನೆಯುತ್ತ ನಿಂತಿದ್ದೆ.

ಹಾಗೆ ನಿಂತಿದ್ದಾಗಲೇ ಆ ಮೊದಲ ಬೆಳಗು ಬಂತು, ಶಾಲ್ಮಲಾ ಗುಡಿಸಿದಳು, ಅಂದಾನಪ್ಪ ಬಂದ.

"ಹೊಲಕ್ಕ ಹದಾ ಬಂದೈತಿ ನೋಡವಾ ಶಾಲ್ಮಲಾ," ಎಂದ. "ಈ ವಾರದಾಗ ಕಡ್ಲಿ ಬಿತ್ತಬೇಕು. ತಡಾ ಆದ್ರ ಎರಿ ನೆಲ ಒಣಗಿ ಬಿರಿತೈತಿ. ನಿಮ್ಮ ಹೊಲಾನೂ ನಾನ ಬಿತ್ತಿಬಿಡ್ತೀನಿ. ಇದನ್ನೊಂದೀಟು ತಗಡಿನ ಕೆಳಗ ನಿಂದರಸ್ತೀನಿ, ಸರಿ."

ಅವನು ಹತ್ತಿ ಕುಳಿತ. ಕೀಲಿ ತಿರುವಿದ. ನಾನು ಒಂದೇ ಏಟಿಗೆ ಎದ್ದೆ. ಪೆಡಲ್ ಒತ್ತಿ ಗೇರು ಹಾಕಲು ಹೋದ. ಒಳಗೆ ತಟ್ಟೆ ಅಂಟಿಕೊಂಡಿದೆ, ಎಂಜಿನ್ ಜೊತೆ ಗೇರೂ ತಿರುಗುತ್ತಿದೆ, ಬೀಳುವುದು ಹೇಗೆ? ಕರ್ರ್ರ್ ಎಂದು ಹಲ್ಲು ಹಲ್ಲು ಕಚ್ಚಿತು. ಇನ್ನೊಮ್ಮೆ ಜೋರಾಗಿ ತಳ್ಳಿದ. ಇನ್ನೂ ಜೋರಾಗಿ ಕೂಗಿದೆ. ಅವನು ಕಿಸೆಯಿಂದ ಫೋನ್ ತೆಗೆದು ಯಾವನೋ ಮೇಸ್ತ್ರಿಗೆ ಹಚ್ಚಿ, ಅದನ್ನು ನನ್ನ ಹೊಟ್ಟೆಯ ಹತ್ತಿರ ಹಿಡಿದ.

"ಕೇಳಿಸ್ತೇನ್ರಿ ಮೇಸ್ತ್ರಿ? ಇನ್ನೊಮ್ಮೆ ಕೇಳ್ರಿ... ಹಾಂ, ಏನದು?"

ಫೋನಿನೊಳಗಿಂದ ತೀರ್ಪು ಬಂತು. "ಗೇರ್ ಬಾಕ್ಸ್ ಹೋಗೇತ್ರಿ. ಹಲ್ಲ ಮುರದಾವ."

ಹಲ್ಲುನೋವಿನವನನ್ನೂ ಬಾಯಿ ತೆರೆಸಿ ನೋಡುತ್ತಾರೆ. ನನ್ನದನ್ನು ಫೋನಿನಲ್ಲಿ ಕೇಳಿ ಮುಗಿಸಿದರು.

"ಇದರ ಕಾಲ ಮುಗೀತವಾ," ಎಂದು ಅಂದಾನಪ್ಪ ಕೆಳಗಿಳಿದ. "ಫಕ್ಕೀರಗೌಡ್ರ ಮನ್ಯಾಗ ಇದರ ಜ್ವಾಡಿ ಇನ್ನೊಂದೈತಿ. ಅದಕ್ಕ ಬಿಡಿಭಾಗ ಆಗತೈತಿ. ಸೋಮವಾರ ಬಂದು ಎಳಕೊಂಡು ಹೋಗಲಿ. ಸರಪಳಿನೂ ಇಲ್ಲೇ ಐತಲ್ಲ. ನೀ ತವರಿಗೆ ಹೋಗಿ ನಾಕ ತಿಂಗಳ ಇದ್ದು ಬಾ. ಕಲಿತಾಕಿ ಅದಿ, ಧಾರವಾಡದಾಗ ಏನರ ನೌಕರಿ ಸಿಗತೈತಿ. ಹೊಲದ ಚಿಂತಿ ನನಗ ಬಿಡು."

ಬಾಗಿಲಲ್ಲಿ ನಿಂತಿದ್ದ ಮುದುಕಿ, ಬಸಲಿಂಗವ್ವ, ಇಬ್ಬರು ಗಂಡುಮಕ್ಕಳ ತಾಯಿ, ಸೆರಗು ಬಾಯಿಗಿಟ್ಟುಕೊಂಡು ಅಂದಳು, "ಒಯ್ಯಲಿ. ಅದನ್ನ ನೋಡಿದ್ರ ಹೊಟ್ಟ್ಯಾಗ ಬೆಂಕಿ ಬೀಳತೈತಿ."

ಶಾಲ್ಮಲಾ ಕೇಳಿದ್ದು ಒಂದೇ ಮಾತು. "ಸೋಮವಾರನಾ, ಭಾವಾರ?"

"ಸೋಮವಾರ."

ನನ್ನನ್ನು ಎಳೆದೊಯ್ಯಲು ಆ ಸರಪಳಿ! ನನ್ನ ಹಿಂಬದಿಯ ಕೊಂಡಿಗೆ ಅದು ಹಳ್ಳದ ಕೆಸರು ಸಮೇತ ಇನ್ನೂ ನೇತಾಡುತ್ತಿತ್ತು. ಅದರಿಂದ ನಾನು ಯಾರನ್ನು ಎಳೆದಿದ್ದೆನೋ ಅವನೇ ಅದನ್ನು ಬೆರಳು ಮಾಡಿ ತೋರಿಸಿದ್ದ. ನನಗೆ ಬಾಯಿದ್ದಿದ್ದರೆ ಆ ದಿನ ಊರಿಗೆ ಊರೇ ಕೇಳುತ್ತಿತ್ತು.

ಶಾಲ್ಮಲಾಳಿಗೂ ಹೆಸರು ಇಟ್ಟಿದ್ದರು. ಅವಳು ಅತ್ತಿರಲಿಲ್ಲ. ಮಣ್ಣಿನ ದಿನವೂ ಇಲ್ಲ, ಆಮೇಲೂ ಇಲ್ಲ. ಪಂಕ್ತಿಯಲ್ಲಿ ಕುಳಿತ ಹೆಂಗಸರು, "ಎದಿ ಅನ್ನೂದು ಇಲ್ಲ ಬಿಡ್ರಿ ಆಕಿಗೆ, ಕಲ್ಲು," ಎಂದು ಮಾತಾಡಿಕೊಂಡಿದ್ದರು. ಆ ಮೇಸ್ತ್ರಿಗೂ ಈ ಹೆಂಗಸರಿಗೂ ವ್ಯತ್ಯಾಸವಿಲ್ಲ. ಒಳಗೆ ಏನು ಅಂಟಿದೆ ಎಂದು ನೋಡುವವರಿಲ್ಲ, ಹೊರಗಿನ ಸದ್ದು ಕೇಳಿ ಮುರಿದಿದೆ ಅನ್ನುತ್ತಾರೆ.

ಅಂದಾನಪ್ಪ ಹೋದ ಮೇಲೆ ಶಾಲ್ಮಲಾ ನನ್ನ ಮೇಲೆ ಹತ್ತಿದಳು. ಸೀಟಿನ ಮೇಲೆ ಕುಳಿತಳು. ಆಮೇಲೆ ಕೈ ತಾನಾಗಿ ಗೇರಿನ ಕಡ್ಡಿಗೆ ಹೋಯಿತು. ಬಳೆಯ ಸದ್ದಿಲ್ಲ. ಎಂಜಿನ್ ಬಂದ್ ಇತ್ತು. ಕಡ್ಡಿ ತಳ್ಳಿದಳು, ಒಂದನೆಯ ಗೇರು ಬೆಣ್ಣೆಯಲ್ಲಿ ಬೆರಳಿಟ್ಟಂತೆ ಬಿತ್ತು. ಎರಡು ಬಿತ್ತು. ಮೂರು ಬಿತ್ತು. ರಿವರ್ಸ್ ಬಿತ್ತು. ಅವಳ ಹುಬ್ಬು ಕೂಡಿತು.

ನ್ಯೂಟ್ರಲ್‌ಗೆ ತಂದು ಎಂಜಿನ್ ಹಚ್ಚಿದಳು. ಪೆಡಲ್ ಒತ್ತಿ ಕಡ್ಡಿ ತಳ್ಳಿದಳು. ಕರ್ರ್ರ್. ಬಂದ್ ಮಾಡಿದಳು. ತಳ್ಳಿದಳು. ಬಿತ್ತು. ಮತ್ತೆ ಹಚ್ಚಿದಳು. ಕರ್ರ್ರ್. ಮತ್ತೆ ಬಂದ್. ಬಿತ್ತು.

"ಹಲ್ಲ ಚಲೋ ಅದಾವ," ಎಂದು ತನಗೆ ತಾನೇ ಹೇಳಿಕೊಂಡಳು. "ಹಲ್ಲ ಮುರದಿದ್ರ ನಿಂತಾಗೂ ಕಚ್ಚಬೇಕಿತ್ತು. ಕ್ಲಚ್ ಬಿಡವಲ್ದು."

ಇಷ್ಟು ದಿನಕ್ಕೆ ಒಬ್ಬರು ನನ್ನನ್ನು ಕೇಳಿದರು! ಓದಿದವಳೆಂದು ಹೊಗಳುವುದಿಲ್ಲ, ಒಂದನ್ನು ಹಾಗೇ ಇಟ್ಟು ಇನ್ನೊಂದನ್ನು ಬದಲಿಸಿ ನೋಡುವುದಕ್ಕೆ ತಾಳ್ಮೆ ಸಾಕು. ಆ ತಾಳ್ಮೆ ನನ್ನ ಬಳಿ ತಂದವರು ಇಬ್ಬರೇ.

ಅವಳು ಬಗ್ಗಿ ಪೆಡಲಿನ ಕೆಳಗೆ ನೋಡಿದಳು. ಸೀಟಿನ ಹಿಂದೆ ನೋಡಿದಳು. ಅಂಗಳವೆಲ್ಲ ನೋಡಿದಳು. ಕೊನೆಗೆ ಬಾಗಿಲಿಗೆ ಹೋಗಿ ಕೇಳಿದಳು, "ಅತ್ತಿ, ಇಲ್ಲೊಂದು ಜಾಲಿ ಕಟಗಿ ಇರತಿತ್ತಲ್ಲ. ಗಿಡ್ಡಂದು."

ಬಸಲಿಂಗವ್ವ ರೊಟ್ಟಿಯ ಹಿಟ್ಟು ನಾದುತ್ತಿದ್ದಳು. "ಅದಾ? ಮಣ್ಣಿಗೆ ಹೋಗಿ ಬಂದವರಿಗೆ ಜಳಕಕ್ಕ ನೀರು ಕಾಸಬೇಕಿತ್ತಲ್ಲವಾ. ಮಳಿ, ಒಂದ ಕಟಗಿ ಒಣಗಿದ್ದಿರಲಿಲ್ಲ. ಇದೊಂದ ಒಣಗಿತ್ತು, ಒಲಿಗೆ ಹಾಕಿದೆ. ಯಾಕ?"

"ಅವರು ಪೆಡಲಿಗೆ ಇಟ್ಟಿದ್ದು ಅದು. ಕ್ಲಚ್ ಅಂಟಬಾರ್ದಂತ."

ಹಿಟ್ಟಿನಲ್ಲಿ ಮುದುಕಿಯ ಕೈ ನಿಂತಿತು. ಮಗನ ಕೈಯಿಂದ ಉಳಿದ ಕಡೆಯ ಕೆಲಸವನ್ನು ಒಲೆಗೆ ಇಟ್ಟೆನೆಂದು ಅವಳಿಗೆ ಆ ಕ್ಷಣಕ್ಕೆ ತಿಳಿಯಿತು. ಶಾಲ್ಮಲಾ ಹಿತ್ತಲಿಗೆ ಹೋಗಿ ಬೇರೆ ಕಟ್ಟಿಗೆ ಹುಡುಕಿದಳು. ಎಲ್ಲ ತೊಯ್ದು ಮೆತ್ತಗಾಗಿದ್ದವು, ಒಂದು ಉದ್ದ, ಒಂದು ಸೊಟ್ಟ.

ಸ್ವಲ್ಪ ಹೊತ್ತಿಗೆ ಬಸಲಿಂಗವ್ವ ಹೊರಗೆ ಬಂದಳು. ಕೈಯಲ್ಲಿ ಮನೆಯ ದೊಡ್ಡ ಲಟ್ಟಣಿಗೆ ಇತ್ತು. ಹೋಳಿಗೆಗೆಂದೇ ಇಟ್ಟ ಸಾಗುವಾನಿಯದು. ಅದನ್ನು ಸೊಸೆಗೆ ಚಾಚಿದಳು.

"ಇದನ್ನ ಇಡು. ಈ ವರ್ಷ ಮನ್ಯಾಗ ಹೋಳಗಿ ಮಾಡೂದಿಲ್ಲಲ್ಲ."

ಶಾಲ್ಮಲಾ ಅದನ್ನು ತೆಗೆದುಕೊಂಡಳು. ಪೆಡಲ್ ಒತ್ತಿ, ಲಟ್ಟಣಿಗೆಯನ್ನು ಸೀಟಿನ ಅಂಚಿಗೆ ಆನಿಸಿ, ಜಾರದಂತೆ ಸುತ್ತಲೂ ಹಗ್ಗ ಬಿಗಿದಳು. ನನ್ನ ಬದುಕಿನಲ್ಲಿ ಸೈಕಲ್ ಟ್ಯೂಬ್ ಕಟ್ಟಿಸಿಕೊಂಡಿದ್ದೇನೆ, ಲಟ್ಟಣಿಗೆಯನ್ನೂ ಕಟ್ಟಿಸಿಕೊಂಡಿದ್ದೇನೆ. ಮೊದಲನೆಯದಕ್ಕೆ ಇನ್ನೂ ಸಿಟ್ಟಿದೆ. ಎರಡನೆಯದಕ್ಕೆ ಇಲ್ಲ.

ಮರುದಿನ ಬಿಸಿಲು ಬಿತ್ತು. ಅವಳು ಬಹಳ ಹೊತ್ತು ಎಂಜಿನ್ ಓಡಿಸಿ ನನ್ನನ್ನು ಕಾಯಿಸಿದಳು. ಬಂದ್ ಮಾಡಿ, ಗೇರಿಗೆ ಹಾಕಿದಳು. ಅಂಗಳದ ಮುಂದೆಯೇ ಅವರ ಹೊಲ, ಕೊನೆಯವರೆಗೆ ಖಾಲಿ. ಅತ್ತೆಯನ್ನು ದೂರ ನಿಲ್ಲಲು ಹೇಳಿ, ಗೇರಿನಲ್ಲಿ ಇದ್ದಂತೆಯೇ ಕೀಲಿ ತಿರುವಿದಳು. ನಾನು ಹೊಡೆಸಿಕೊಂಡ ಕೋಣನಂತೆ ಮುಂದಕ್ಕೆ ಜಿಗಿದೆ. ಲಟ್ಟಣಿಗೆ ಪೆಡಲನ್ನು ಒತ್ತಿ ಹಿಡಿದಿತ್ತು, ತಟ್ಟೆ ಮಾತ್ರ ಬಿಡಲಿಲ್ಲ. ಅವಳು ಎರಡೂ ಬ್ರೇಕುಗಳ ಮೇಲೆ ನಿಂತಳು. ಎಂಜಿನ್ ಮುಗ್ಗರಿಸಿತು, ಅವಳು ಎಕ್ಸಿಲರೇಟರ್ ಏರಿಸಿದಳು. ಮತ್ತೆ ಬ್ರೇಕು. ಮತ್ತೆ ಎಕ್ಸಿಲರೇಟರ್. ನನ್ನ ಮೈಯೆಲ್ಲ ಕಿತ್ತುಹೋದಂತೆ ಅಲುಗಾಡಿತು.

"ಸಾಕ ಬಿಡ ಶಾಲವ್ವಾ, ಒಬ್ಬಾಂವನ್ನ ತಿಂದೈತಿ ಅದು!" ಎಂದು ಬದುವಿನಿಂದ ಮುದುಕಿ ಕೂಗಿದಳು.

"ಅದೇನ ತಿಂದಿಲ್ಲ ಅತ್ತಿ!" ಶಾಲ್ಮಲಾ ತಿರುಗಿ ಕೂಗಿದಳು. ಅಷ್ಟು ದೊಡ್ಡ ದನಿ ಅವಳಲ್ಲಿ ಇದೆಯೆಂದು ನನಗೆ ಗೊತ್ತಿರಲಿಲ್ಲ. "ಅದೇನ ತಿಂದಿಲ್ಲ! ಜ್ವರ ತಿಂದದ್ದು! ನಿಮ್ಮ ದೊಡ್ಡ ಮಗ ಕರದಾ ಅಂತ ಹೋದಾರ! ಕಟಗಿ ಇಡೂದ ಕಲಿಸಿ ಹೋದಾರ, ಅಂಟಿದ್ದು ಬಿಡಸೂದು ಹೆಂಗಂತ ಹೇಳಲಾರದ ಹೋದಾರ!"

ಆ ಸಿಟ್ಟಿನಲ್ಲಿ ಬ್ರೇಕನ್ನು ಒದ್ದಳು. ನನ್ನ ಹೊಟ್ಟೆಯೊಳಗೆ 'ಟಣ್' ಎಂದಿತು.

ಗಾಲಿಗಳು ನಿಂತವು. ಎಂಜಿನ್ ಓಡುತ್ತಲೇ ಇತ್ತು. ಗೇರಿನಲ್ಲೇ ಇದ್ದೇನೆ, ಆದರೂ ನಿಂತಿದ್ದೇನೆ. ತಟ್ಟೆ ಬಿಟ್ಟಿತ್ತು. ಅವಳು ಕಡ್ಡಿ ಎಳೆದಳು, ಬಂತು. ತಳ್ಳಿದಳು, ಬಿತ್ತು. ಸದ್ದಿಲ್ಲ. ಇನ್ನೊಮ್ಮೆ. ಸದ್ದಿಲ್ಲ.

ಆಮೇಲೆ ಅವಳ ಹಣೆ ನನ್ನ ಸ್ಟೇರಿಂಗಿಗೆ ಬಂತು. ಎಷ್ಟು ಹೊತ್ತು ಅತ್ತಳೋ ಹೇಳಲಾರೆ, ನಾನು ಓಡುತ್ತಲೇ ಇದ್ದೆ. ಎಂಜಿನ್ ಸದ್ದಿನಲ್ಲಿ ಓಣಿಯವರಿಗೆ ಕೇಳಿಸಲಿಲ್ಲ. ಅಷ್ಟು ಮಟ್ಟಿಗೆ ನಾನು ಉಪಯೋಗಕ್ಕೆ ಬಂದೆ.

ಹದ ಇರುವಾಗಲೇ ಬಿತ್ತಿದೆವು. ಬಸಲಿಂಗವ್ವ ಉಡಿಯಲ್ಲಿ ಕಡಲೆ ಕಟ್ಟಿಕೊಂಡು ನನ್ನ ಹಿಂದಿನ ಕೂರಿಗೆಯ ಮೇಲೆ ಕುಳಿತಳು. ಸೊಸೆ ಓಡಿಸಿದಳು. ತಿರುವಿನಲ್ಲಿ ಮುದುಕಿ, "ಮೆಲ್ಲಕ ಹೊಡಿಯ ನಮ್ಮವ್ವಾ, ನನ್ನ ಸೊಂಟಕ್ಕ ಸ್ಪ್ರಿಂಗ್ ಇಲ್ಲ," ಎಂದಳು. ಅದು ಆ ಮನೆಯಲ್ಲಿ ಬಹಳ ದಿನದ ಮೇಲೆ ಹುಟ್ಟಿದ ನಗೆಮಾತು. ಇಬ್ಬರೂ ನಗಲಿಲ್ಲ. ಆದರೆ ಇಬ್ಬರೂ ಕೇಳಿಸಿಕೊಂಡರು.

ನನಗೆ ವಯಸ್ಸಾಗಿದೆ. ಒಂದು ದಿನ ಗುಜರಿಗೆ ಹೋಗುವವನೇ. ಅದಕ್ಕೆ ನನ್ನ ತಕರಾರಿಲ್ಲ. ಕೆಟ್ಟಿದ್ದರೆ ಕೆಟ್ಟಿದೆ ಎಂದು ಬಿಚ್ಚಲಿ. ಕೆಡದಿದ್ದನ್ನು ಕೆಟ್ಟಿದೆ ಎಂದು, ಅನುಕೂಲ ನೋಡಿಕೊಂಡು, ದೂರದಿಂದ ಕಿವಿಯಿಟ್ಟು ಕೇಳಿ ಬಿಚ್ಚಬಾರದು. ಅದು ನನಗಾದರೂ ಸರಿ, ಯಾರಿಗಾದರೂ ಸರಿ.

ಸೋಮವಾರ ಬೆಳಿಗ್ಗೆ ಶಾಲ್ಮಲಾ ಸರಪಳಿಯನ್ನು ನನ್ನ ಕೊಂಡಿಯಿಂದ ಬಿಚ್ಚಿದಳು. ಕೊಂಡಿ ಕೊಂಡಿಗೂ ಹತ್ತಿದ್ದ ಹಳ್ಳದ ಕೆಸರನ್ನು ತೆಂಗಿನ ನಾರಿನಿಂದ ಉಜ್ಜಿ ತೊಳೆದು, ಒರೆಸಿ, ಎಣ್ಣೆ ಹಚ್ಚಿದಳು. ಇಸಿದುಕೊಂಡ ವಸ್ತುವನ್ನು ಬರಿದಾಗಿ ಮರಳಿಸಬಾರದೆಂಬುದು ಈ ಕಡೆಯ ರೂಢಿ. ಬಸಲಿಂಗವ್ವ ಒಂದು ಬಟ್ಟೆಯಲ್ಲಿ ಏನನ್ನೋ ಗಂಟು ಕಟ್ಟಿ ಕೊಟ್ಟಳು. ಫಕ್ಕೀರಗೌಡನ ಕಡೆಯವರು ನನ್ನನ್ನು ಎಳೆಯಲು ಬರುವ ಮೊದಲೇ ನಾವು ಹೊರಟೆವು. ಓಣಿಯ ಉದ್ದಕ್ಕೂ ಗೇರು ಬದಲಿಸುತ್ತ ಹೋದಳು, ಬೇಕಿದ್ದಲ್ಲೂ, ಬೇಡವಾದಲ್ಲೂ.

ಫಕ್ಕೀರಗೌಡನ ಕಟ್ಟೆಯ ಮೇಲೆ ಅವನೂ ಅಂದಾನಪ್ಪನೂ ಚಹಾ ಕುಡಿಯುತ್ತ ಕುಳಿತಿದ್ದರು. ಅಂದಾನಪ್ಪನ ಚಹಾದ ಬಸಿ ಬಾಯಿಯ ಹತ್ತಿರವೇ ನಿಂತಿತು.

"ಇದರ ಗೇರ್ ಬಾಕ್ಸ್ ಹೋಗೇತಿ ಅಂದ್ಯಲ್ಲೋ ಅಂದಾನಪ್ಪಾ?" ಎಂದ ಫಕ್ಕೀರಗೌಡ.



ಶಾಲ್ಮಲಾ ಇಳಿದು, ಸರಪಳಿಯನ್ನು ಎರಡೂ ಕೈಯಲ್ಲಿ ಹೊತ್ತು ತಂದು, ಕಟ್ಟೆಯ ಮೇಲೆ ಇಬ್ಬರ ನಡುವೆ ಇಟ್ಟಳು, ಅದರ ಪಕ್ಕಕ್ಕೆ ಅತ್ತೆ ಕಟ್ಟಿಕೊಟ್ಟ ಗಂಟನ್ನೂ ಇಟ್ಟಳು.

"ನಿಮ್ಮ ಸರಪಳಿರಿ, ಗೌಡ್ರ. ಹಳ್ಳದಾಗ ಭಾವಾರ ಗಾಡಿ ಎಳಿಯಾಕಂತ ಅವರು ಇಸ್ಕೊಂಡು ಹೋಗಿದ್ರು. ಕೊಡಾಕ ಆಗಿರಲಿಲ್ಲ."

  ಅಂದಾನಪ್ಪ ಬಸಿಯನ್ನು ಕೆಳಗಿಟ್ಟ.

ಫಕ್ಕೀರಗೌಡ ಮೆಲ್ಲಗೆ ಗಂಟು ಬಿಚ್ಚಿದ. "ಇದೇನವಾ?"

"ಬಿತ್ತಿ ಉಳಿದ ಕಡ್ಲಿರಿ," ಎಂದಳು ಶಾಲ್ಮಲಾ.